ಭಂಡಾರಿ ಬಸವಣ್ಣನವರು

ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಮೇಲೆ ಆ ನಗರವು ನೂರು ವರ್ಷಗಳಿಗೂ ಮಿಕ್ಕಿ ದಕ್ಷಿಣಾಪಥದ ಕಣ್ಣಾಗಿ ಮೆರೆಯಿತು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಬಿಲ್ಹಣನಂತಹ ಕವಿಯೂ ವಿಜ್ಞಾನೇಶ್ವರನಂತಹ ಧರ್ಮಶಾಸ್ತ್ರಜ್ಞನೂ ಆಶ್ರಯ ಪಡೆದಿದ್ದರು. ನೆರೆಯ ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದ ಭಿತ್ತಿಯಲ್ಲಿ ಶಿಲಾಬಾಲಿಕೆಯೊಬ್ಬಳು ಆ ಚಕ್ರವರ್ತಿಯ ಕೀರ್ತಿಯನ್ನು ಅಕ್ಷರಗಳಲ್ಲಿ ಬರೆಯುತ್ತ ಇಂದಿಗೂ ನಿಂತಿದ್ದಾಳೆ. ಆದರೆ ಬಸವಕಲ್ಯಾಣಕ್ಕೆ ಹೋದ ಯಾತ್ರಿಕರಿಗೆ ಊರಿನವರು ಮೊದಲು ತೋರಿಸುವುದು ಚಕ್ರವರ್ತಿಗಳ ಓಲಗದ ಸ್ಥಳವನ್ನಲ್ಲ. ನುಲಿಯ ಚಂದಯ್ಯನವರ ಗವಿ, ಮಡಿವಾಳ ಮಾಚಿದೇವರ ಹೊಂಡ, ಅಂಬಿಗರ ಚೌಡಯ್ಯನವರ ಗವಿ, ಅಕ್ಕನಾಗಮ್ಮನವರ ಗವಿ, ತ್ರಿಪುರಾಂತಕ ಕೆರೆ, ಪರುಷಕಟ್ಟೆ, ಇವುಗಳನ್ನು. ಹಗ್ಗ ಹೊಸೆದವರ, ಬಟ್ಟೆ ಒಗೆದವರ, ದೋಣಿ ನಡೆಸಿದವರ ಹೆಸರುಗಳು ನೆಲಕ್ಕೇ ಅಂಟಿಕೊಂಡು ಉಳಿದವು. ದಂಡನಾಯಕರ, ಮಹಾಪ್ರಧಾನರ ಹೆಸರುಗಳು ಶಾಸನದ ಕಲ್ಲುಗಳಲ್ಲಿ ಮಾತ್ರ ಉಳಿದವು. ಇದು ಹೇಗಾಯಿತೆಂಬುದಕ್ಕೆ ಉತ್ತರವು ವಿಚಿತ್ರವೆಂಬಂತೆ ಒಬ್ಬ ರಾಜಾಧಿಕಾರಿಯ ಚರಿತ್ರೆಯಲ್ಲಿಯೇ ಅಡಗಿದೆ. ಆ ಅಧಿಕಾರಿಯೇ ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರು.

ಅವರನ್ನು ಭಕ್ತರೆಂದು, ವಚನಕಾರರೆಂದು, ಸಮಾಜೋದ್ಧಾರಕರೆಂದು ಬಣ್ಣಿಸಿದ ಗ್ರಂಥಗಳು ಬೇಕಾದಷ್ಟಿವೆ. ಒಂದು ರಾಜ್ಯವು ಕೈಬದಲಾಗುತ್ತಿದ್ದ ಗೊಂದಲದ ಕಾಲದಲ್ಲಿ ಭಿನ್ನ ಭಿನ್ನ ಸ್ವಭಾವದ, ಭಿನ್ನ ಭಿನ್ನ ಕಸುಬಿನ ನೂರಾರು ಜನರನ್ನು ಕೂಡಿಸಿ, ಪ್ರತಿಯೊಬ್ಬರಿಗೂ ತಮ್ಮ ಕೆಲಸವೇನು, ಸ್ಥಾನವೇನು ಎಂಬುದನ್ನು ಸ್ಪಷ್ಟಪಡಿಸಿ ನಡೆಸಿದ ಕಾರ್ಯಕುಶಲರೆಂದು ಅವರನ್ನು ನೋಡಿದವರು ವಿರಳ. ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೂ ಅಲ್ಲಿ ಕೆಲಸ ಮಾಡುವವರಿಗೂ ಈ ಮುಖದ ಪರಿಚಯ ಅವಶ್ಯವಾದುದು.

ಬಸವಣ್ಣನವರ ಜನನ ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಅಗ್ರಹಾರದ ಮನೆತನದಲ್ಲಿ. ತಂದೆ ಮಾದರಸ, ತಾಯಿ ಮಾದಲಾಂಬಿಕೆ, ಅಕ್ಕ ನಾಗಲಾಂಬಿಕೆ. ಹುಟ್ಟಿದ ವರ್ಷವನ್ನು ಕೆಲವು ವಿದ್ವಾಂಸರು 1105 ಎಂದೂ ಮತ್ತೆ ಕೆಲವರು 1131 ಎಂದೂ ನಿರ್ಣಯಿಸಿದ್ದಾರೆ. ಉಪನಯನದ ಪ್ರಸಂಗದಲ್ಲಿ ಮನೆಯನ್ನು ತೊರೆದು, ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕಪ್ಪಡಿಸಂಗಮದಲ್ಲಿ ವಿದ್ಯಾಭ್ಯಾಸ ಮಾಡಿದರು. ಅವರ ಚರಿತ್ರೆಯನ್ನು ಕನ್ನಡದಲ್ಲಿ ಮೊದಲು ಹಾಡಿದವನು ಕಾಲದಿಂದ ಅವರಿಗೆ ಸಮೀಪನಾದ ಹರಿಹರ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ಪುರಾಣವನ್ನು ಬರೆದನು. ಅದನ್ನು ಆಧರಿಸಿ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದನು. ಕಾವ್ಯಗಳೆಲ್ಲ ಭಕ್ತಿಯಿಂದ ಬರೆದವಾದುದರಿಂದ ಅವುಗಳಲ್ಲಿ ಚರಿತ್ರೆಯೂ ಪವಾಡವೂ ಹೆಣೆದುಕೊಂಡಿವೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ಅವರ ಹೆಸರನ್ನು ಹೇಳಿ, ಕಾವ್ಯಗಳಿಗೆ ಕಲ್ಲಿನ ಸಾಕ್ಷಿಯನ್ನು ಒದಗಿಸಿದೆ.

ಸಂಗಮದಿಂದ ಬಸವಣ್ಣನವರು ಬಂದದ್ದು ಮಂಗಳವೇಡೆಗೆ. ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಆ ಊರು ಆಗ ಚಾಳುಕ್ಯರ ಮಹಾಮಂಡಲೇಶ್ವರನಾಗಿದ್ದ ಕಲಚುರಿ ಬಿಜ್ಜಳನ ನೆಲೆ. ಸೋದರಮಾವನಾದ ಬಲದೇವ ಮಂತ್ರಿಯ ಅಧಿಕಾರವೇ ಅಳಿಯನಿಗೆ ಬಂದಿತೆಂದು ಕೆಲವು ಪುರಾಣಗಳು ಹೇಳುತ್ತವೆ. ಹರಿಹರನ ಕಥೆ ಬೇರೆ. ಅವನ ಪ್ರಕಾರ, ಗುರುತು ಪರಿಚಯವಿಲ್ಲದ ತರುಣ ಬಸವಣ್ಣನವರು ಕರಣಿಕರು ಲೆಕ್ಕ ಕೂಡಿಸುತ್ತಿದ್ದ ಚಾವಡಿಯಲ್ಲಿ ಹೋಗಿ ಕುಳಿತರು. ಸಿದ್ಧದಂಡಾಧೀಶನ ಮುಂದೆ ನಡೆಯುತ್ತಿದ್ದ ಆ ಲೆಕ್ಕದಲ್ಲಿ ತಪ್ಪು ಬಿದ್ದುದನ್ನು ಕಂಡು ವಿನಯದಿಂದ ಎತ್ತಿ ತೋರಿಸಿದರು. ಅದರಿಂದಲೇ ಅವರಿಗೆ ಕರಣಿಕರ ಸಾಲಿನಲ್ಲಿ ಸ್ಥಾನ ದೊರೆಯಿತು. ಸಿದ್ಧದಂಡಾಧೀಶನ ಕಾಲಾನಂತರ ಭಂಡಾರದ ಹೊಣೆ ಅವರ ಪಾಲಿಗೆ ಬಂದಿತು. ಈ ಎರಡರಲ್ಲಿ ಹರಿಹರನ ಕಥೆಯೇ ಬಸವಣ್ಣನವರ ಮುಂದಿನ ನಡತೆಗೆ ಹೆಚ್ಚು ಒಪ್ಪುತ್ತದೆ. ನಂಟಸ್ತಿಕೆಯಿಂದ ಪದವಿ ಪಡೆದವನಿಗೆ ಕೆಳಗಿನ ಕರಣಿಕನ ಶ್ರಮ ತಿಳಿಯುವುದು ಕಷ್ಟ. ಓಲೆಯ ಕಟ್ಟಿನ ಮುಂದೆ ಕುಳಿತು ಕೂಡಿಸಿ ಕಳೆದು ಮೇಲೇರಿದವನಿಗೆ ಯಾವ ಕೆಲಸವೂ ಚಿಕ್ಕದೆನಿಸದು.

ಅಷ್ಟರಲ್ಲಿ ಕಲ್ಯಾಣದ ಸ್ಥಿತಿ ಕದಡಿತ್ತು. ಮೂರನೆಯ ತೈಲಪನು ದುರ್ಬಲನಾದನು. ಬಿಜ್ಜಳನು ಸುಮಾರು 1157ರ ವೇಳೆಗೆ ಅಧಿಕಾರವನ್ನು ಕೈವಶಮಾಡಿಕೊಂಡು 1162ರಲ್ಲಿ ಚಕ್ರವರ್ತಿಯ ಬಿರುದುಗಳನ್ನು ಧರಿಸಿದನು. ಯುದ್ಧಗಳ ವಿಷಯವನ್ನು ಇತಿಹಾಸಕಾರರು ಬರೆದಿದ್ದಾರೆ. ಇಲ್ಲಿ ಬೇಕಾದುದು ಬೇರೊಂದು. ಅರಸು ಬದಲಾದಾಗ ಸಿಂಹಾಸನವೊಂದೇ ಬದಲಾಗುವುದಿಲ್ಲ. ಹಳೆಯ ವಂಶದ ಉಪ್ಪುಂಡ ಅಧಿಕಾರಿಗಳಿಗೆ ತಮ್ಮ ಗತಿಯೇನೆಂಬ ಭಯ. ಹೊಸ ಅರಸನೊಡನೆ ಬಂದವರಿಗೆ ಎಲ್ಲವೂ ತಮ್ಮದೆಂಬ ದರ್ಪ. ಕೆಳಗಿನ ಸೇವಕರಿಗೆ ಯಾರ ಮಾತನ್ನು ನಡೆಸಬೇಕೆಂಬ ಗೊಂದಲ. ಹೊಸ ಮುಖ್ಯೋಪಾಧ್ಯಾಯರು ಬಂದ ಶಾಲೆಯಲ್ಲಿ ಮೊದಲ ತಿಂಗಳು ಏನಾಗುತ್ತದೆಂಬುದನ್ನು ಬಲ್ಲವರು ಒಂದು ಸಾಮ್ರಾಜ್ಯದಲ್ಲಿ ಏನಾಗಿರಬಹುದೆಂಬುದನ್ನು ಊಹಿಸಬಲ್ಲರು. ಮಂಗಳವೇಡೆಯಿಂದ ಬಂದ ಬಸವಣ್ಣನವರು ಹೊಸಬರ ಕಡೆಯವರು. ಬೊಕ್ಕಸದ ಕೀಲಿಕೈ ಅವರಲ್ಲಿತ್ತು. ಮನಸ್ಸು ಮಾಡಿದ್ದರೆ ತಮ್ಮವರದೊಂದು ಬಣವನ್ನು ಕಟ್ಟಿಕೊಂಡು ಸುಖವಾಗಿರಬಹುದಾಗಿತ್ತು. ಅವರು ಕಟ್ಟಿದ್ದು ಬಣವನ್ನಲ್ಲ.

ಕಲ್ಯಾಣದಲ್ಲಿ ಬಸವಣ್ಣನವರು ಎರಡು ಮನೆಗಳ ಹೊಣೆಯನ್ನು ಹೊತ್ತರು. ಒಂದು ಅರಮನೆಯ ಭಂಡಾರ, ಇನ್ನೊಂದು ಶರಣರು ಬಂದು ಉಣ್ಣುವ ಮಹಾಮನೆ. ಈ ಎರಡರ ನಡುವಿನ ಗೆರೆಯನ್ನು ಅವರು ಅಳಿಸಗೊಡಲಿಲ್ಲ. ಅರಸನ ಹಣ ಅರಸನ ಲೆಕ್ಕಕ್ಕೆ. ತಮ್ಮ ದುಡಿಮೆಯ ಫಲ ದಾಸೋಹಕ್ಕೆ. ಆದರೂ ಭಂಡಾರದ ಹೊನ್ನನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂಬ ದೂರು ಬಿಜ್ಜಳನ ಕಿವಿಗೆ ಬಿತ್ತು. ಅರಸನು ಬೊಕ್ಕಸವನ್ನು ತೆರೆಸಿ ಎಣಿಸಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಬಣ್ಣಿಸಿವೆ. ಪುರಾಣಕಾರರು ಅದನ್ನು ಶಿವನ ಮಹಿಮೆಯೆಂದರು. ಪವಾಡವನ್ನು ಬದಿಗಿಟ್ಟು ನೋಡಿದರೂ ಕಥೆಯ ತಿರುಳು ಗಟ್ಟಿಯಾಗಿಯೇ ಇದೆ: ಲೆಕ್ಕ ಕೇಳಿದ ದಿನವೇ ಲೆಕ್ಕವನ್ನು ಒಪ್ಪಿಸಬಲ್ಲ ಸ್ಥಿತಿಯಲ್ಲಿ ಆ ಭಂಡಾರಿ ಇದ್ದರು. ಇನ್ನೊಮ್ಮೆ, ಹೊಲೆಯರ ಕೇರಿಯ ಕಂಬಳಿಯ ನಾಗಿದೇವನ ಮನೆಯಲ್ಲಿ ಪ್ರಸಾದ ಸ್ವೀಕರಿಸಿದುದಕ್ಕಾಗಿ ಅರಸನ ಮುಂದೆ ಉತ್ತರ ಹೇಳಬೇಕಾಯಿತು. ಆಗಲೂ ಅವರು ಆ ಮನೆಗೆ ಹೋಗಿರಲಿಲ್ಲವೆಂದು ಮರೆಮಾಚಲಿಲ್ಲ. ಓಲಗದಲ್ಲೊಂದು ನಡೆ, ಕೇರಿಯಲ್ಲೊಂದು ನಡೆ ಎಂಬುದು ಅವರಲ್ಲಿರಲಿಲ್ಲ.

ಶರಣರ ಸಮೂಹವು ಬೆಳೆದಂತೆ ಅದಕ್ಕೊಂದು ವ್ಯವಸ್ಥೆ ಬೇಕಾಯಿತು. ಅದನ್ನೇ ಅನುಭವಮಂಟಪವೆಂದು ಪರಂಪರೆ ಕರೆಯುತ್ತದೆ. ಅದು ಕಲ್ಲುಕಂಬಗಳ ಕಟ್ಟಡವಾಗಿತ್ತೋ, ಮಹಾಮನೆಯ ಅಂಗಳದಲ್ಲಿ ಕೂಡುತ್ತಿದ್ದ ಗೋಷ್ಠಿಯಾಗಿತ್ತೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಕಟ್ಟಡದ ಚರ್ಚೆಗಿಂತ ಮಿಗಿಲಾದುದು ಅಲ್ಲಿ ಯಾರು ಎಲ್ಲಿ ಕುಳಿತರೆಂಬುದು. ಮಹಾಮನೆ ಬಸವಣ್ಣನವರದು, ಕರೆ ಅವರದು, ಖರ್ಚು ಅವರದು. ಆದರೆ ಶೂನ್ಯಸಿಂಹಾಸನದ ಮೇಲೆ ಕುಳಿತವರು ಬನವಾಸಿಯ ಸೀಮೆಯಿಂದ ಬಂದ ಅಲ್ಲಮಪ್ರಭುಗಳು. ಪೂರ್ವಾಶ್ರಮದಲ್ಲಿ ಮದ್ದಳೆ ಬಾರಿಸುತ್ತಿದ್ದವರೆಂದು ಕಾವ್ಯಗಳು ಹೇಳುವ, ಯಾರ ಮುಲಾಜಿಗೂ ಸಿಲುಕದ, ಮಾತಿನ ಅಲಗಿನಿಂದ ಎಂಥವರನ್ನೂ ಕೊಯ್ಯಬಲ್ಲ ವಿರಕ್ತರನ್ನು ಆ ಪೀಠಕ್ಕೆ ಬರಮಾಡಿಕೊಂಡು ತಾವು ಕೆಳಗೆ ನಿಂತರು. ಸಂಸ್ಥೆಯನ್ನು ಕಟ್ಟಿದವನೇ ಅದರ ಗದ್ದುಗೆಯನ್ನೂ ಏರುವುದು ಲೋಕರೂಢಿ. ಬಸವಣ್ಣನವರು ಆ ರೂಢಿಯನ್ನು ಮುರಿದುದರಿಂದಲೇ ಮಂಟಪದಲ್ಲಿ ಅವರನ್ನೂ ಪ್ರಶ್ನಿಸುವ ಸ್ವಾತಂತ್ರ್ಯ ಉಳಿದವರಿಗೆ ಬಂದಿತು.

ಆ ಸ್ವಾತಂತ್ರ್ಯವನ್ನು ಮೊದಲು ಬಳಸಿದವರು ಅಲ್ಲಮರೇ. ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಆ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ. ಅಲ್ಲಮರು ಸೊನ್ನಲಿಗೆಯ ಸಿದ್ಧರಾಮರೊಡನೆ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಹಡಪದ ಅಪ್ಪಣ್ಣನವರನ್ನು ಕಳುಹಿಸಿ ಒಳಗೆ ಕರೆತರಿಸಲು ನೋಡಿದರು. ಬಂದ ಅತಿಥಿ ಒಪ್ಪಲಿಲ್ಲ. ಬಾಗಿಲಲ್ಲಿ ಜಂಗಮವು ನಿಂತಿರುವಾಗ ಒಳಗೆ ಪೂಜೆ ಯಾರಿಗೆಂಬುದು ಅವರ ಆಕ್ಷೇಪ. ಸೋದರಳಿಯ ಚನ್ನಬಸವಣ್ಣನವರೂ ಮಾವನ ಪಕ್ಷವನ್ನು ಹಿಡಿಯದೆ ಈ ತಪ್ಪನ್ನು ನಿಷ್ಠುರವಾಗಿ ಎತ್ತಿ ಹೇಳಿದರು. ಬಸವಣ್ಣನವರು ವಾದ ಹೂಡಲಿಲ್ಲ, ಕಾರಣ ಹೇಳಲಿಲ್ಲ. ಹೊರಗೆ ಬಂದು ಶರಣಾದರು. ವಯಸ್ಸಿನಲ್ಲಿ ಕಿರಿಯನಾದ ಅಳಿಯನು ಸಭೆಯ ಮುಂದೆ ತಿದ್ದಿದುದನ್ನು ಸಹಿಸಿದ್ದಷ್ಟೇ ಅಲ್ಲ, ಮುಂದೆ ಶರಣರ ಆಚಾರವಿಚಾರಗಳನ್ನು ಕ್ರಮಗೊಳಿಸುವ ಹೊಣೆಯು ಸಲ್ಲಬೇಕಾದುದು ಅವನಿಗೇ ಎಂಬುದನ್ನು ಒಪ್ಪಿದರು. ಷಟ್‌ಸ್ಥಲ ಸಿದ್ಧಾಂತದ ವಿವೇಚನೆಯಲ್ಲಿ ಚನ್ನಬಸವಣ್ಣನವರ ಅಧಿಕಾರವು ಇಂದಿಗೂ ನಿರ್ವಿವಾದವಾದುದು.

ಉಳಿದ ಹೊಣೆಗಳೂ ಹೀಗೆಯೇ ಹಂಚಿಕೆಯಾದವು. ಮಹಾಮನೆಯ ಒಳಗಿನ ಆಡಳಿತವು ಅಕ್ಕನಾಗಮ್ಮನವರ ಮತ್ತು ಮಡದಿಯರಾದ ಗಂಗಾಂಬಿಕೆ ನೀಲಾಂಬಿಕೆಯರ ಕೈಯಲ್ಲಿತ್ತು. ದಿನವೂ ಬರುವ ಅಪಾರ ಜಂಗಮಕ್ಕೆ ಅನ್ನವೊದಗಿಸುವ ಆ ಕೆಲಸವು ಭಂಡಾರದ ಕೆಲಸಕ್ಕಿಂತ ಸುಲಭವಾದುದೇನೂ ಅಲ್ಲ. ಬಂದವರನ್ನು ಎದುರುಗೊಂಡು ಒಳಗೆ ತಿಳಿಸುವ ಕೆಲಸ ಅಪ್ಪಣ್ಣನವರದು. ಶರಣರ ಬಟ್ಟೆಗಳ ಮಡಿಯೊಡನೆ ನಡತೆಯ ಮಡಿಯನ್ನೂ ಕಾಯುವ ಕೆಲಸ ಮಾಚಿದೇವರದು. ಹಿಪ್ಪರಗಿಯಿಂದ ಬಂದ ಆ ವೀರಶರಣರು ಬಸವಣ್ಣನವರಿಗೂ ಅಂಜಿದವರಲ್ಲ.

ಇಷ್ಟೆಲ್ಲಕ್ಕೂ ಬುಡದಲ್ಲಿದ್ದುದು ಕಾಯಕವೆಂಬ ಒಂದು ಕಲ್ಪನೆ. ಪ್ರತಿಯೊಬ್ಬನೂ ದುಡಿಯಬೇಕು, ದುಡಿಮೆಯಲ್ಲಿ ಮೇಲು ಕೀಳಿಲ್ಲ, ದುಡಿದುದರಲ್ಲಿ ಅಂದಂದಿಗೆ ಬೇಕಾದುದನ್ನು ಉಳಿಸಿಕೊಂಡು ಮಿಕ್ಕುದನ್ನು ದಾಸೋಹಕ್ಕೆ ಸಲ್ಲಿಸಬೇಕು. ಭಂಡಾರಿಯ ಕೆಲಸವೂ ಹಗ್ಗ ಹೊಸೆಯುವವನ ಕೆಲಸವೂ ಒಂದೇ ತಕ್ಕಡಿಯಲ್ಲಿ ತೂಗಿದವು. ಈ ನಿಯಮವನ್ನು ಬಸವಣ್ಣನವರು ಆಜ್ಞೆಯಾಗಿ ಹೊರಡಿಸಲಿಲ್ಲ. ಅದು ಎಷ್ಟು ಆಳವಾಗಿ ಬೇರೂರಿತ್ತೆಂದರೆ, ನಿಯಮವನ್ನು ಹಾಕಿಕೊಟ್ಟವರ ಕೈಯಿಂದಲೇ ಅದು ಸಡಿಲವಾಗುವ ಸಂದರ್ಭ ಬಂದಾಗ ಉಳಿದವರು ಅವರನ್ನೂ ತಡೆದರು. ಕಲ್ಯಾಣದ ಕಥೆಗಳಲ್ಲಿ ಅತ್ಯಂತ ರುಚಿಯಾದ ಭಾಗವಿದು.

ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯನವರ ಕಾಯಕ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಮಡದಿ ಲಕ್ಕಮ್ಮನವರು ಅದನ್ನು ಕಂಡು ಹರ್ಷಿಸಲಿಲ್ಲ. ನಿತ್ಯದ ಅಳತೆಯನ್ನು ಮೀರಿದ ಅಕ್ಕಿ ಆಸೆಯ ಅಕ್ಕಿಯೆಂದು ಬಗೆದು, ಹೆಚ್ಚಿನದನ್ನು ತೆಗೆದುಕೊಂಡ ಸ್ಥಳದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಅಂಗಳದಲ್ಲಿ ಬೇಕೆಂದೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದವರು ಬಸವಣ್ಣನವರೇ ಎಂದು ಒಂದು ಪಾಠವಿದೆ.

ನುಲಿಯ ಚಂದಯ್ಯನವರ ಕಥೆ ಇನ್ನೂ ಬಿಗಿಯಾದುದು. ಕೆರೆಯ ಬದಿಯ ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ ಬಂದ ಹಣದಿಂದ ಜಂಗಮದಾಸೋಹ ಮಾಡುವವರು ಅವರು. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಕೊನೆಗೆ ಮಾಚಿದೇವರ ಮಧ್ಯಸ್ಥಿಕೆಯಿಂದ ಲಿಂಗದೇವನೇ ಹಗ್ಗ ಮಾರುವ ಕೆಲಸಕ್ಕೆ ನಿಲ್ಲಬೇಕಾಯಿತೆಂದೂ ಕಥೆ. ಹಗ್ಗವು ಬಸವಣ್ಣನವರ ಬಳಿಗೆ ಬಂದಾಗ ಅವರು ಭಕ್ತಿಯ ಭರದಲ್ಲಿ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಹೊನ್ನನ್ನು ಕೊಟ್ಟರು. ಚಂದಯ್ಯನವರು ಅದನ್ನು ಮುಟ್ಟಲಿಲ್ಲ. ಹಗ್ಗಕ್ಕೆ ಪೇಟೆಯಲ್ಲಿರುವ ಬೆಲೆಯೇ ತಮ್ಮದು. ಅದಕ್ಕಿಂತ ಮಿಗಿಲಾದುದು ಕಾಯಕದ ಹಣವಲ್ಲ ಎಂಬುದು ಅವರ ನಿಲುವು. ಚಕ್ರವರ್ತಿಯ ಬೊಕ್ಕಸವನ್ನು ನೋಡಿಕೊಳ್ಳುವವರಿಗೆ ಹಗ್ಗದವನು ಬೆಲೆಯ ಪಾಠ ಹೇಳಿದನು, ಭಂಡಾರಿಗಳು ಕೇಳಿಕೊಂಡರು.

ಮೂರನೆಯದು ಮೋಳಿಗೆಯ ಮಾರಯ್ಯನವರದು. ಕಾಶ್ಮೀರದ ಅರಸುತನವನ್ನು ಬಿಟ್ಟು ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ಹೊರೆ ತಂದು ಮಾರಿ ಬಾಳಿದವರೆಂದು ಪರಂಪರೆ ಹೇಳುತ್ತದೆ. ಹುಮನಾಬಾದ ತಾಲ್ಲೂಕಿನ ಮೋಳಕೇರಾ ಗ್ರಾಮವು ಅವರ ಹೆಸರಿನೊಡನೆ ಹೊಂದಿಕೊಂಡಿದೆ. ಅವರ ಮನೆಯಲ್ಲಿ ಬಂದ ಜಂಗಮಕ್ಕೆ ಅಂಬಲಿಯೇ ಪ್ರಸಾದ. ಬಸವಣ್ಣನವರು ವೇಷ ಮರೆಸಿ ಹೋಗಿ ಅಂಬಲಿಯನ್ನು ಸವಿದು, ಆ ದಂಪತಿಗಳ ಬಡತನಕ್ಕೆ ಮರುಗಿ, ಯಾರಿಗೂ ತಿಳಿಯದಂತೆ ಹೊನ್ನಿನ ಗಂಟನ್ನು ಇಟ್ಟು ಬಂದರು. ಕಾಡಿನಿಂದ ಮರಳಿದ ಮಾರಯ್ಯನವರು ಗಂಟನ್ನು ಕಂಡು ನೊಂದರು. ಅದನ್ನು ಜಂಗಮರಿಗೆ ಹಂಚಿಬಿಟ್ಟು ಮರುದಿನ ಮತ್ತೆ ಕೊಡಲಿ ಹಿಡಿದು ಹೊರಟರು. ಬಸವಣ್ಣನವರಿಗೆ ತಮ್ಮ ಕೊಡುಗೈಯೂ ಒಂದು ಬಗೆಯ ಅಹಂಕಾರವಾಗಬಲ್ಲುದೆಂಬ ಅರಿವಾದುದು ಆಗ. ಕರುಣೆಯಿಂದ ಕೊಟ್ಟ ಹಣವೂ ದುಡಿಯುವವನ ಮಾನವನ್ನು ಕುಂದಿಸಬಹುದೆಂಬುದನ್ನು ಕಲಿಯಲು ಹಿರಿಯ ಅಧಿಕಾರಿಯೊಬ್ಬರು ಕಟ್ಟಿಗೆ ಹೊರುವವರ ಗುಡಿಸಲಿಗೆ ಹೋಗಬೇಕಾಯಿತು.

ಈ ಮೂರು ಕಥೆಗಳಲ್ಲಿಯೂ ನಾಯಕರೇ ತಿದ್ದಿಸಿಕೊಳ್ಳುತ್ತಾರೆ. ಅವುಗಳನ್ನು ಬಸವಣ್ಣನವರ ಅನುಯಾಯಿಗಳೇ ತಲೆಮಾರುಗಳವರೆಗೆ ಸಂತೋಷದಿಂದ ಹೇಳಿಕೊಂಡು ಬಂದರೆಂಬುದನ್ನು ಮರೆಯಬಾರದು. ತಮ್ಮ ಗುರುವಿನ ಸೋಲನ್ನು ಶಿಷ್ಯರು ಇಷ್ಟು ಪ್ರೀತಿಯಿಂದ ಕಾಪಾಡಿದ ಉದಾಹರಣೆಗಳು ಹೆಚ್ಚಿಲ್ಲ.

ಆದರೆ ಕಲ್ಯಾಣದ ಕಾರ್ಯವು ಸುಖಾಂತವಾಗಲಿಲ್ಲ. ಮಂಟಪದೊಳಗಿನ ಸಮಾನತೆಯು ಬೀದಿಗೆ ಬಂದಾಗ ಅರಸೊತ್ತಿಗೆಯು ತಾಳಲಿಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವಯ್ಯನವರ ಮಗಳಿಗೂ ನಡೆದ ವಿವಾಹವನ್ನು ವರ್ಣಸಂಕರವೆಂದು ವಿರೋಧಿಗಳು ಕೂಗೆಬ್ಬಿಸಿದರು. ಬಿಜ್ಜಳನು ಹರಳಯ್ಯ ಮಧುವಯ್ಯರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದನೆಂದು ನಂತರದ ಪುರಾಣಗಳು ಹೇಳುತ್ತವೆ. ಬಸವಣ್ಣನವರು ಅವರನ್ನು ಉಳಿಸಲಾರದೆ ಹೋದರು. ಹೊಸ ಅರಸನ ಬೊಕ್ಕಸವನ್ನು ಕಾಯುತ್ತಲೇ ಹೊಸ ಸಮಾಜವನ್ನು ಕಟ್ಟಬಹುದೆಂಬ ನಂಬಿಕೆಯ ಮೇಲೆ ಅವರು ನಡೆದಿದ್ದರು. ಆ ನಂಬಿಕೆ ಅಂದು ಮುರಿಯಿತು. ಭಂಡಾರದ ಮುದ್ರೆಯನ್ನು ಅರಸನಿಗೆ ಒಪ್ಪಿಸಿ ಅವರು ಕಲ್ಯಾಣವನ್ನು ಬಿಟ್ಟರೆಂದು ಪರಂಪರೆ. ಪ್ರತೀಕಾರವು ಅವರ ಮಾರ್ಗವಾಗಿರಲಿಲ್ಲ. ಆದರೂ ಶರಣರಲ್ಲಿ ಕೆಲವರು ಸಂಯಮವನ್ನು ಮೀರಿದರು. ಜಗದೇವ, ಮಲ್ಲಯ್ಯ, ಬೊಮ್ಮಯ್ಯರು ಅರಸನನ್ನು ಕೊಂದರೆಂದು ಪುರಾಣಗಳಲ್ಲಿದೆ. ಬಿಜ್ಜಳನು 1167ರ ಸುಮಾರಿಗೆ ರಾಜ್ಯವನ್ನು ಮಗ ಸೋವಿದೇವನಿಗೆ ವಹಿಸಿಕೊಟ್ಟನೆಂಬುದು ಶಾಸನಗಳಿಂದ ತಿಳಿಯುತ್ತದೆ. ಕೊಲೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅದು ನಡೆದಿದ್ದರೆ, ಬಸವಣ್ಣನವರ ಸಮೂಹದಲ್ಲಿಯೂ ಅವರ ಮಾತು ಮುಟ್ಟದ ಕಿವಿಗಳಿದ್ದುವೆಂದು ಒಪ್ಪಬೇಕಾಗುತ್ತದೆ. ಅವರ ದೊಡ್ಡತನವನ್ನು ಕಾಪಾಡಲೆಂದು ಅದನ್ನು ಮುಚ್ಚುವ ಅಗತ್ಯವಿಲ್ಲ.

ಬಸವಣ್ಣನವರು ತಾವು ಕಲಿತ ಸಂಗಮಕ್ಕೆ ಹಿಂತಿರುಗಿ ಅಲ್ಲಿಯೇ ಲಿಂಗೈಕ್ಯರಾದರು. ಪರಂಪರೆಯು ಅದನ್ನು 1167 ಎಂದು ಎಣಿಸುವುದುಂಟು. ಕಟ್ಟಿದವರು ಇಲ್ಲವಾದಾಗ ಕಟ್ಟಡ ಕುಸಿಯುವುದು ಸಾಮಾನ್ಯ. ಇಲ್ಲಿ ಹಾಗಾಗಲಿಲ್ಲ. ಗದ್ದುಗೆಯು ಒಬ್ಬರದಾಗಿರಲಿಲ್ಲ, ಸಿದ್ಧಾಂತವನ್ನು ಬಲ್ಲವರು ಬೇರೊಬ್ಬರಿದ್ದರು, ಅನ್ನದ ಹೊಣೆ ಮತ್ತೊಬ್ಬರದಾಗಿತ್ತು. ಚನ್ನಬಸವಣ್ಣನವರ ಮುಂದಾಳ್ತನದಲ್ಲಿ ಶರಣರ ಒಂದು ತಂಡವು ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿದ ದಂಡನ್ನು ಎದುರಿಸುತ್ತ, ಸಹ್ಯಾದ್ರಿಯ ದಟ್ಟಡವಿಯ ಉಳವಿಯನ್ನು ಸೇರಿತು. ಡೋಹರ ಕಕ್ಕಯ್ಯನವರು ಆ ಹಾದಿಯಲ್ಲಿ ಕಾದಾಡಿ ಮಡಿದ ಸ್ಥಳ ಖಾನಾಪುರ ತಾಲ್ಲೂಕಿನ ಕಕ್ಕೇರಿ. ಗಂಗಾಂಬಿಕೆಯವರ ನೆಲೆ ಮಲಪ್ರಭೆಯ ದಡದ ಮುಗುಟಖಾನ ಹುಬ್ಬಳ್ಳಿ. ನೀಲಾಂಬಿಕೆಯವರನ್ನು ಸಂಗಮಕ್ಕೆ ಕರೆದೊಯ್ಯಲು ಕಲ್ಯಾಣಕ್ಕೆ ಬಂದಿದ್ದ ಹಡಪದ ಅಪ್ಪಣ್ಣನವರು ತಮ್ಮ ಕಾಯಕವನ್ನು ಕೊನೆಯವರೆಗೂ ನಡೆಸಿದರು. ಇಬ್ಬರ ಸಮಾಧಿಗಳೂ ಕೃಷ್ಣಾ ತೀರದ ತಂಗಡಗಿಯಲ್ಲಿವೆ.

ಕಲಚುರಿಗಳ ಆಳ್ವಿಕೆ 1183ರ ಸುಮಾರಿಗೆ ಮುಗಿದು, ನಾಲ್ಕನೆಯ ಸೋಮೇಶ್ವರನಲ್ಲಿ ಚಾಳುಕ್ಯರು ಸ್ವಲ್ಪಕಾಲ ಮತ್ತೆ ತಲೆಯೆತ್ತಿ, ಬಳಿಕ ದೇವಗಿರಿಯ ಸೇವುಣರಿಗೆ ದಾರಿ ಬಿಟ್ಟುಕೊಟ್ಟರು. ಕೋಟೆಯು ಹಲವು ಕೈಗಳನ್ನು ದಾಟಿತು. ನಿಜಾಮರ ಆಳ್ವಿಕೆಯಲ್ಲಿ ಕಲ್ಯಾಣಿಯೆಂಬ ಜಹಗೀರಾಗಿದ್ದ ಊರು 1956ರಲ್ಲಿ ಕನ್ನಡನಾಡು ಒಂದಾದ ಮೇಲೆ ಭಂಡಾರಿಗಳ ಹೆಸರನ್ನು ತನ್ನ ಹೆಸರಿನ ಮುಂದೆ ಸೇರಿಸಿಕೊಂಡಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಚಂದಯ್ಯನವರ ಗವಿಗೂ ಮಾಚಿದೇವರ ಹೊಂಡಕ್ಕೂ ಹೆಸರು ಬದಲಿಸುವ ಪ್ರಸಂಗವೇ ಬರಲಿಲ್ಲ. ಅವು ಮೊದಲಿನಿಂದಲೂ ಆ ಹೆಸರುಗಳಿಂದಲೇ ನಡೆದುಬಂದಿವೆ.